ಹವಾಲ್ದಾರರ ಹಣ್ಣಿನ ಬೀರು

ಕೆಲವರ ಪಕ್ಕದ ಮನೆಯಲ್ಲಿದ್ದರೆ ಸಾಕು, ನಗುವ ಪ್ರಸಂಗಗಳು ತಾವಾಗಿಯೇ ಬಾಗಿಲಿಗೆ ಬರುತ್ತಿರುತ್ತವೆ. ಬೈಲಹೊಂಗಲದಲ್ಲಿ ನಾನು ಹೈಸ್ಕೂಲ್ ಮಾಸ್ತರನಾಗಿದ್ದಾಗ ಪಕ್ಕದ ಮನೆಯವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹವಾಲ್ದಾರರು. ಅವರ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. ವೈನಿ ಈಗಿಲ್ಲ. ಅದಕ್ಕೇ ಇವನ್ನು ಬರೆದಿಡುತ್ತಿದ್ದೇನೆ.

ಪೇರಲ

ತೊಂಬತ್ತರ ದಶಕದ ಮಾತು. ಪಲ್ಟನ್ನಿನ ಅಡುಗೆಯವನಿಂದ ಹವಾಲ್ದಾರರು ಕುಡಿಯುವ ಬೀರು ಮಾಡುವುದನ್ನು ಕಲಿತು ಬಂದಿದ್ದರು. ಜೋಳ ಮೊಳಕೆ ಬರಿಸಿ, ಒಣಗಿಸಿ, ಕುದಿಸಿ, ಮಣ್ಣಿನ ಹರವಿಯಲ್ಲಿ ಹುಳಿ ಬರಲು ಇಡುವುದು. ಕಹಿಗೆ ಮೆಂತ್ಯ. ಅದು ಬಾಯಿಗಿಡಲಾಗದಷ್ಟು ಕಹಿಯಾದಾಗ ಹಣ್ಣು ಹಾಕುವ ಹುಚ್ಚು ಹತ್ತಿತು. ಮೊದಲು ಹಾಕಿದ್ದು ಸವದತ್ತಿ ಸಂತೆಯ ಪೇರಲ.

ಅವರಿಗಿದ್ದದ್ದು ಒಂದೇ ಆಸೆ. ವೈನಿ ಒಂದು ಗುಟುಕು ಕುಡಿದು ಚಲೋ ಆಗೇತಿ ಅನ್ನಬೇಕು. "ಅಷ್ಟಂದ್ರ ಸಾಕ್ರಿ ಮಾಸ್ತರ, ನನಗ ಮತ್ತೊಂದು ಮೆಡಲ್ ಬ್ಯಾಡ" ಎನ್ನುತ್ತಿದ್ದರು.

ಗ್ಲಾಸಿನಲ್ಲಿ ತೇಲುವ ಬೀಜ ನೋಡಿ ವೈನಿ ಮೂಗಿಗೆ ಸೆರಗು ಹಿಡಿದರು. "ಇದನ್ನ ಕುಡದು ಅಂಗಳದಾಗ ಉಗುಳಬ್ಯಾಡ್ರಿ. ಗಿಡ ಹುಟ್ಟಿದ್ರ ಅದೂ ತೂರಾಡತೈತಿ."

ಮಾವು

ಒಂದು ಬೇಸಿಗೆ ಬೀರಿನಲ್ಲಿ ನಾಲ್ಕು ದಿನ ನೆನೆಸಿದ ಮಾವಿನ ತಿರುಳನ್ನು ಸೋಸಿ, ಪಾತ್ರೆಯಲ್ಲಿ ಮುಚ್ಚಿಟ್ಟು ಹವಾಲ್ದಾರರು ಸ್ನಾನಕ್ಕೆ ಹೋದರು. ಅಷ್ಟರಲ್ಲಿ ಹೂಲಿಯಿಂದ ಮಗಳ ಅತ್ತೆ ಮಾವ ಬಂದರು. ವೈನಿ ಆ ತಿರುಳಿಗೆ ಬೆಲ್ಲ, ಏಲಕ್ಕಿ ಹಾಕಿ ಸೀಕರಣಿ ಮಾಡಿ ಚಪಾತಿ ಜೊತೆ ಬಡಿಸಿಬಿಟ್ಟರು. ಸೋಮವಾರದ ಒಪ್ಪತ್ತು ಇದ್ದುದರಿಂದ ತಾವು ಮಾತ್ರ ಬಾಯಿಗಿಡಲಿಲ್ಲ.

ಸದಾ ಸೊಸೆಯ ತಪ್ಪು ಹುಡುಕುತ್ತಿದ್ದ ಬೀಗಿತ್ತಿ ಮೂರು ಸಲ ಹಾಕಿಸಿಕೊಂಡು, ವೈನಿಯ ಕೈ ಹಿಡಿದು ಅತ್ತರು. "ನಿಮ್ಮ ಮಗಳಂಥಾ ಸೊಸಿ ಯಾರಿಗೂ ಸಿಗಂಗಿಲ್ಲ ನೋಡ್ರಿ!"

ಬೀಗರು ಹೋದ ಮೇಲೆ ಹವಾಲ್ದಾರರು ಹೆದರುತ್ತ ನಿಜ ಹೇಳಿದರು. ವೈನಿ ಖಾಲಿ ಪಾತ್ರೆ ಎತ್ತಿ ನೋಡಿದರು. ಆಮೇಲೆ ಕೇಳಿದರು: "ಒಂದು ಡಬ್ಬಿ ಕಟ್ಟಿ ಕೊಟ್ಟು ಕಳಸಬೇಕಿತ್ತಲ್ರಿ, ಮದಲ ಹೇಳಾಕ ಏನಾಗಿತ್ತು?"

ಮೋಸಂಬಿ

ಹೀಗೇ ಹತ್ತು ವರ್ಷ ಕಳೆಯಿತು. ಹಣ್ಣು ಬದಲಾದವು, ಬೀರು ಬಾಯಿಗಿಡೆನೆಂಬ ವೈನಿಯ ಹಟ ಬದಲಾಗಲಿಲ್ಲ. ಆಮೇಲೆ ಅವರ ಹೊಟ್ಟೆಯಲ್ಲಿ ಗಂಟು ಬೆಳೆಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಧಾರವಾಡದ ಡಾಕ್ಟರು. ಆ ದಿನದಿಂದ ಹವಾಲ್ದಾರರು ಹರವಿ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ನಾನು ಹತ್ತಿರವೇ ಕೂತಿದ್ದೆ. ವೈನಿ ಕಣ್ಣು ತೆರೆದು, "ನಿಮ್ಮ ಬೀರ ಒಂದು ಗುಟುಕು ಕೊಡ್ರಿ, ನೋಡೂಣು" ಅಂದರು.

ಹವಾಲ್ದಾರರು ನನ್ನ ಮುಖ ನೋಡಿದರು. ಮನೆಯಲ್ಲಿ ಬೀರಿರಲಿಲ್ಲ, ಇದ್ದರೂ ಕೊಡುವಂತಿರಲಿಲ್ಲ. ಒಳಗೆ ಹೋಗಿ ಮೋಸಂಬಿ ರಸ ಹಿಂಡಿ, ಕಡಗೋಲಿನಿಂದ ಕಡೆದು ನೊರೆ ಬರಿಸಿ ತಂದರು. ಚಮಚದಲ್ಲಿ ಕುಡಿಸಿ, ಪಕ್ಕದಲ್ಲಿ ಅಟೆನ್ಷನ್ನಿನಲ್ಲಿ ನಿಂತರು.

ಮದುವೆಯಾಗಿ ಮೂವತ್ತೈದು ವರ್ಷ, ಹೆಸರು ಪೋಣಿಸಿದ ಒಡಪಿನ ಪದ್ಯ ಹೇಳುವಾಗ ಬಿಟ್ಟರೆ ಗಂಡನ ಹೆಸರು ವೈನಿಯ ಬಾಯಲ್ಲಿ ಬಂದದ್ದಿಲ್ಲ. ಈಗ ತಲೆ ತೂಗುತ್ತ, ಹೆಸರು ಹಿಡಿದೇ ಕರೆದು ಅಂದರು: "ಇಲ್ಲಿ ಬಾ! ಚಲೋ ಮಾಡೀಯೋ!"

ಹವಾಲ್ದಾರರು ಮಂಚದ ಕಾಲು ಹಿಡಿದು ಕೂತು ನಕ್ಕರು. ಕಣ್ಣೀರು ಬಂತೆಂದು ಗ್ಲಾಸು ತೊಳೆಯುವ ನೆಪ ಮಾಡಿ ಹೊರಗೆ ಹೋದರು.

ವೈನಿ ನನಗೆ ಮೆಲ್ಲಗೆ ಹೇಳಿದರು: "ಮಾಸ್ತರ, ಅದು ಬರೇ ಮೋಸಂಬಿ ರಸ. ನನಗ ಗೊತ್ತಾಗೇತಿ ಅಂತ ಅವರಿಗೆ ಹೇಳಬ್ಯಾಡ್ರಿ. ಒಮ್ಮೆರ ಹೆಸರ ಹಿಡದು ಕರೀಬೇಕಂತ ಭಾಳ ದಿನದ ಆಸೆ ಇತ್ತು. ನಿಶೆ ಏರೇತಿ ಅಂದ್ರ ಯಾರೂ ಬೈಯಂಗಿಲ್ಲ."

ನಾಲ್ಕನೆಯ ದಿನ ಅವರು ಹೋದರು. ಮಾತಾಡಿಸಲು ಬಂದವರೆದುರು ಹವಾಲ್ದಾರರು ಅಳುತ್ತಲೇ ನಕ್ಕು ಹೇಳುತ್ತಿದ್ದರು: "ಬರೇ ಮೋಸಂಬಿ ರಸಕ್ಕ ಹೆಸರ ಹಿಡದು ಕರದಳ್ರಿ! ಖರೇ ಬೀರ ಕೊಟ್ಟಿದ್ರ ನನ್ನ ಕಡೆ ಪರೇಡ್ ಮಾಡಸತಿದ್ಲು. ಪಾಪ, ಕಡೀತನಕ ಅಕಿಗೆ ಗೊತ್ತಾಗಲೇ ಇಲ್ಲ ನೋಡ್ರಿ."