ಚೀಸಿನ ಮೂಗು, ನನ್ನ ಮುಖ

ಇಪ್ಪತ್ತೆರಡು ವರ್ಷ ಸಿನಿಮಾಗಳಲ್ಲಿ ಹೆಣವಾಗಿ, ಪೊಲೀಸನಾಗಿ, ಹೋಟೆಲ್ ಮಾಣಿಯಾಗಿ ದುಡಿದವನು ನಾನು, ಆನ್ಸೆಲ್ಮ್. (ಒಂದು ಹೆಣದ ಪಾತ್ರದಲ್ಲಿ ಸೀನಿದ್ದೆ, ಅದನ್ನೇ ಜನ ಮೆಚ್ಚಿಕೊಂಡರು.) ಆದರೂ ಯಾರಾದರೂ ವಿಚಾರಿಸಿದರೆ ನನ್ನ ಹೆಂಡತಿ ಸೊಲಾಂಜ್, "ನನ್ನ ಗಂಡನಾ? ಮನೇಲೇ ಇರ್ತಾನೆ" ಎನ್ನುತ್ತಾಳೆ. ಅವಳ ಬಾಯಿಂದ ಒಮ್ಮೆ ನನ್ನನ್ನು 'ನಟ' ಎನ್ನಿಸಬೇಕು, ಇದೊಂದೇ ನನ್ನ ಮಹದಾಕಾಂಕ್ಷೆ.

ಕಡೆಗೂ ಕಾಲ ಕೂಡಿಬಂತು. ನಿರ್ದೇಶಕ ತಿಬೋ ನನ್ನನ್ನೇ ನಾಯಕನನ್ನಾಗಿ ಆರಿಸಿದ. ತಲೆಬುಡವಿಲ್ಲದ ಕಥೆ: ಗಂಡ ಹೆಂಡತಿ ಭಾನುವಾರದ ಊಟಕ್ಕೆ ಕೂತಾಗ ಒಂದು ಉಷ್ಟ್ರಪಕ್ಷಿ ಬಂದು ಮೂರನೆಯ ಕುರ್ಚಿಯಲ್ಲಿ ಕೂರುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ. ಗಂಡ ಮಾತ್ರ ಕ್ಯಾಮೆರಾ ಕಡೆ ತಿರುಗಿ ಪ್ರೇಕ್ಷಕರ ಹತ್ತಿರ ಸಂಸಾರದ ಗೋಳು ತೋಡಿಕೊಳ್ಳುತ್ತಾನೆ. ಚಿತ್ರೀಕರಣ ಲಿಯೋನ್ ಊರಿನ ನಮ್ಮ ಮನೆಯಲ್ಲೇ. ಹೆಂಡತಿಯ ಪಾತ್ರದವಳು ಹಕ್ಕಿಯನ್ನು ನೋಡಿದ್ದೇ ಓಡಿಹೋದಳು. ಸೊಲಾಂಜಳನ್ನೇ ಕೂರಿಸಿದರು.

"ನಂಗೆ ಡೈಲಾಗ್ ಬೇಡ. ಸುಮ್ನೆ ಊಟ ಮಾಡ್ತೀನಿ," ಅಂದಳು.

"ಅಷ್ಟು ಮಾಡು ಸಾಕು. ನಟನೆ ಎಲ್ಲ ನಾನು ನೋಡ್ಕೋತೀನಿ."

"ತಟ್ಟೇನೂ ಸ್ವಲ್ಪ ನೋಡ್ಕೋ."

ತಟ್ಟೆ ನೋಡಲು ನನಗೆಲ್ಲಿ ಪುರುಸೊತ್ತು? ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟು, ಗಂಡಂದಿರ ಒಂಟಿತನದ ಬಗ್ಗೆ ನಾಲ್ಕು ನಿಮಿಷ ಗದ್ಗದಿತನಾದೆ.

ಮೊದಲ ಪ್ರದರ್ಶನದ ದಿನ ಪರದೆಯ ಮೇಲೆ ನಾನು ಬಾಯಿ ತೆರೆದರೆ ಸಾಕು, ಇಡೀ ಥಿಯೇಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಎದ್ದು ನಿಂತು ಅರ್ಧ ನಮಸ್ಕಾರವನ್ನೂ ಮಾಡಿಬಿಟ್ಟೆ.

"ನೋಡಿದ್ಯಾ, ಹೇಗೆ ನಗ್ತಿದಾರೆ?" ಸೊಲಾಂಜಳನ್ನು ಮೊಣಕೈಯಲ್ಲಿ ತಿವಿದೆ.

"ಕೂತ್ಕೋ. ಪರದೆ ಮೇಲೆ ನಿನ್ನ ಬೆನ್ನ ಹಿಂದೆ ನೋಡು."

ನೋಡಿದೆ. ಪರದೆಯ ಮೇಲೆ ನಾನು ಗೋಳಾಡುತ್ತಿದ್ದರೆ, ನನ್ನ ಕೈ ತನ್ನ ಪಾಡಿಗೆ ತಾನು ತ್ರಿಕೋನಾಕಾರದ ಬ್ರೀ ಚೀಸಿನ ಮೂಗನ್ನು, ಅಂದರೆ ಅದರ ಚೂಪು ತುದಿಯನ್ನು, ಕತ್ತರಿಸಿ ನನ್ನ ಬಾಯಿಗೇ ಹಾಕುತ್ತಿತ್ತು. ಚೀಸನ್ನು ಉದ್ದಕ್ಕೆ ಸೀಳಿ, ಆ ಮೆತ್ತನೆಯ ಮೂಗು ಎಲ್ಲರಿಗೂ ಬರುವಂತೆ ಹಂಚಬೇಕೆಂದು ನಮ್ಮ ದೇಶದಲ್ಲಿ ಮೂರು ವರ್ಷದ ಮಗುವಿಗೂ ಹೇಳಿಕೊಟ್ಟಿರುತ್ತೇವೆ. ಹಿಂದೆ ಕೂತ ಸೊಲಾಂಜ್ ಚೀಸನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಿಧಾನವಾಗಿ ನೇರ ಕ್ಯಾಮೆರಾವನ್ನೇ ನೋಡಿ ಒಂದು ಹುಬ್ಬು ಏರಿಸಿದಳು. ಉಷ್ಟ್ರಪಕ್ಷಿಯೂ ಕತ್ತು ತಿರುಗಿಸಿತು. ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ. ನನಗೆ ಕುರ್ಚಿಯ ಕೆಳಗೆ ಸೇರಿಕೊಳ್ಳುವಂತಾಯಿತು.

ಹೊರಗೆ ಬಂದಾಗ ಪತ್ರಕರ್ತರೆಲ್ಲ ಅವಳನ್ನು ಮುತ್ತಿಕೊಂಡರು. ಒಬ್ಬ ಕೇಳಿದ: "ಮೇಡಂ, ಪಕ್ಕದಲ್ಲಿರೋರು ಯಾರು?"

"ಇವನಾ? ನಟ," ಅಂದಳು ಸೊಲಾಂಜ್.

ಇಪ್ಪತ್ತೆರಡು ವರ್ಷ ಕಾದ ಮಾತು! ನನ್ನ ಕಣ್ಣು ತುಂಬಿ ಬಂತು. ಎದೆಯುಬ್ಬಿಸಿ ನಿಂತೆ.

"ನನ್ನ ಸಿನಿಮಾದಲ್ಲಿ," ಅವಳು ಮುಂದುವರಿಸಿದಳು, "ಚೀಸ್ ತಿನ್ನೋ ಪಾರ್ಟು ಇವನದೇ."