ಮೀನಿನ ತಲೆ ನನಗೆ, ಉಳಿದದ್ದು?

ಹೆಲ್ಮೆಟ್ ಇರುವುದು ತಲೆ ಉಳಿಸಲು ಎಂದು ಪೊಲೀಸರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಉಳಿಸುವುದು ಮಾನವನ್ನು. ಭಾನುವಾರ ಬೆಳಿಗ್ಗೆ ಮುನಿರಾಬಾದಿನ ಮೀನಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ ಮೇಲೂ ನಾನು ಹೆಲ್ಮೆಟ್ ತೆಗೆಯುವುದಿಲ್ಲ. ಸಾಲಿನಲ್ಲಿ ನನ್ನ ಮುಂದೆ ಪ್ರತಿವಾರ ಕೆಂಪು ಹೆಲ್ಮೆಟ್ಟಿನ ಇನ್ನೊಬ್ಬರು ಇರುತ್ತಾರೆ. ಅದರ ಒಡೆದ ಗಾಜಿಗೆ ಹಳದಿ ಟೇಪು ಅಂಟಿಸಿದೆ. ಅವರೂ ತೆಗೆಯುವುದಿಲ್ಲ. ಮುಖ ನೋಡದೆಯೇ ನಮ್ಮಲ್ಲೊಂದು ಸ್ನೇಹ ಬೆಳೆದಿದೆ.

ಕೊಪ್ಪಳದ ನಮ್ಮ ಓಣಿಯಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಜೋರಾಗಿ ಎತ್ತುವುದಿಲ್ಲ. ಅಂಥ ಓಣಿಯಲ್ಲಿ ಹುಟ್ಟಿದ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅದರಲ್ಲೂ ಪಿಟ್ಯುಟರಿ ಗ್ರಂಥಿ ಎಂದರೆ ನನಗೆ ಪ್ರಾಣ. ಮಿದುಳಿನ ಕೆಳಗೆ ಕಾಳಿನಂತೆ ಕೂತಿರುವ ಅದು ಮೀನಿಗೂ ಇದೆ, ಕಪ್ಪೆಗೂ ಇದೆ, ನಮ್ಮ ಪ್ರಿನ್ಸಿಪಾಲರಿಗೂ ಇದೆ. ಅದು ಸುರಿಸುವ ಪೆಪ್ಟೈಡ್ ಹಾರ್ಮೋನುಗಳು ಮಣಿ ಪೋಣಿಸಿದ ಸರಗಳು. ಕೋಟ್ಯಂತರ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಮಣಿ ಬದಲಾಗಿದೆ, ಕೆಲಸ ಬದಲಾಗಿದೆ, ಮನೆತನ ಮಾತ್ರ ಅದೇ. ಸಿಹಿನೀರಿನ ಮೀನಿನ ಮೈಯಿಂದ ಉಪ್ಪು ಸೋರಿಹೋಗದಂತೆ ಕಾಯುವ ಪ್ರೊಲ್ಯಾಕ್ಟಿನ್ನೇ ತಾಯಂದಿರಲ್ಲಿ ಹಾಲು ಬರಿಸುತ್ತದೆ. ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರರು ಒಂದೇ ಹಗುರ ಮರದಲ್ಲಿ ಒಮ್ಮೆ ಗಿಳಿ, ಒಮ್ಮೆ ಗೌರಿ ಮಾಡಿದ ಹಾಗೆ. ಇದನ್ನು ಹೇಳುವಾಗ ನನಗೆ ಕಣ್ಣು ತುಂಬಿ ಬರುತ್ತದೆ. ಹಿಂದಿನ ಬೆಂಚಿಗೆ ಆಕಳಿಕೆ ಬರುತ್ತದೆ.

ಒಂದು ಮೀನಿನ ಗ್ರಂಥಿಯನ್ನು ಅರೆದು ಇನ್ನೊಂದು ಜಾತಿಯ ಮೀನಿಗೆ ಚುಚ್ಚಿದರೂ ಅದು ಮೊಟ್ಟೆಯಿಡುತ್ತದೆ. ಹುಡುಗರಿಗೆ ಇದನ್ನು ಮಾಡಿ ತೋರಿಸಲು ನನಗೆ ಗ್ರಂಥಿ ಬೇಕು. ಮೊದಲ ದಿನ ಅಂಗಡಿಯ ಹುಸೇನಬಿಯನ್ನು ಕೇಳಿದಾಗ ಆಕೆ ನಕ್ಕಳು. “ಸರ, ತಲಿ ಒಡದ ಮೀನ ಆಮ್ಯಾಲೆ ಯಾರ ಒಯ್ತಾರ್ರಿ? ಇಡೀದ ತಗೋರಿ.” ಹೀಗೆ ವಾರಕ್ಕೊಂದು ಇಡೀ ಮೀನು ನನ್ನ ಚೀಲ ಸೇರತೊಡಗಿತು. ಅಲ್ಲಿಂದ ನೇರ ಕಾಲೇಜಿನ ಪ್ರಯೋಗಾಲಯಕ್ಕೆ. ಗ್ರಂಥಿ ಶೀಶೆಗೆ ಹೋಗುತ್ತಿತ್ತು. ಉಳಿದ ಮೀನಿನ ವಿಷಯ ಇಲ್ಲಿ ಮುಖ್ಯವಲ್ಲ.

ಮುಖ್ಯವಾದದ್ದು ಮಗಳ ಮದುವೆ. ಕುಷ್ಟಗಿಯ ಹುಡುಗ, ಹೈಸ್ಕೂಲ್ ಮೇಷ್ಟ್ರು. ಹುಡುಗನೂ ವೀಣಾಳೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ನಮ್ಮ ಕಡೆ ಮಾತು ಮುಗಿಯುವ ಮೊದಲು ಗಂಡಿನವರು ಚಹದಂಗಡಿ, ಕಟಿಂಗ್ ಅಂಗಡಿಗಳಲ್ಲಿ ಕೂತು ಹೆಣ್ಣಿನ ಮನೆಯ ವಿಚಾರ ಕೇಳುವುದು ರೂಢಿ. ಮೂರನೆಯ ದಿನ ಮಧ್ಯಸ್ಥರ ಫೋನು ಬಂತು. “ಹುಡುಗಿ ಭಾಳ ಛಲೋ ಅದಾಳಂತ್ರಿ. ಆದ್ರ ಅವರಪ್ಪ ಕದ್ದು ಮೀನ ತಿಂತಾನಂತ. ಗಾಡಿ ನೋಡ್ಯಾರ.” ಗಾಡಿಯ ನಂಬರಿಗೆ ಹೆಲ್ಮೆಟ್ ಇರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

“ನಿಮ್ಮ ಗ್ರಂಥಿ ಸಲುವಾಗಿ ಮಗಳ ಬಾಳೇ ಹಾಳು ಮಾಡಿದ್ರಲ್ರಿ!” ಎಂದಳು ಹೆಂಡತಿ. ವೀಣಾ ಫೋನನ್ನು ಬೋರಲು ಹಾಕಿ ಚಪಾತಿ ಹಿಟ್ಟು ನಾದುತ್ತ ಕುಳಿತಳು. ಆ ಹಿಟ್ಟು ಎಂದೋ ಹದವಾಗಿತ್ತು, ಅವಳು ನಾದುವುದನ್ನು ನಿಲ್ಲಿಸಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಕೊಪ್ಪಳದಲ್ಲೇ ಇರುವ ಹುಡುಗನ ಸೋದರಮಾವ ಚನ್ನಪ್ಪನವರು ಬಂದರು. ಉಪ್ಪಿಟ್ಟಿನ ಮುಂದೆ ಅವರನ್ನು ಕೂರಿಸಿ ನಾನು ಅರ್ಧ ಗಂಟೆ ಪಾಠ ಮಾಡಿದೆ. “ಮೀನಿಗೂ ನಮಗೂ ಭಾಳ ಹಳೇ ಸಂಬಂಧ ಐತ್ರಿ,” ಎಂದು ಮುಗಿಸಿದೆ.

“ಹಂಗಾರ ಸಂಬಂಧಿಕರ ತಲೀನ ಒಡೀತೀರೇನ್ರಿ?” ಎಂದರು ಅವರು. ಒಳಗೆ ಏನೋ ಪಾತ್ರೆ ಬಿತ್ತು. “ಅದಿರ್ಲಿ, ತಲಿ ನಿಮಗ. ಉಳಿದದ್ದು ಏನ ಮಾಡ್ತೀರಿ?”

“ನಮ್ಮ ಅಟೆಂಡರ್ ಹನುಮಂತಗ ಕೊಡ್ತೀನ್ರಿ.”

ಅವರು ನನ್ನನ್ನೇ ನೋಡಿದರು, ಉಪ್ಪಿಟ್ಟು ಮುಗಿಸಿದರು, ಎದ್ದರು. ಸಂಬಂಧ ಮುರಿಯಿತು ಅಂದುಕೊಂಡೇ ನಾನು ಗೇಟಿನವರೆಗೆ ಹೋದೆ. ಅಲ್ಲಿ ಅವರು ಗಾಡಿಯ ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ ತೆಗೆದು ಹಾಕಿಕೊಂಡರು. ಕೆಂಪು ಹೆಲ್ಮೆಟ್, ಒಡೆದ ಗಾಜಿಗೆ ಹಳದಿ ಟೇಪು. ನಾನು ಅದನ್ನೇ ನೋಡುತ್ತಿರುವುದನ್ನು ಅವರೂ ಕಂಡರು. ಬಲೆ ಕಂಡು ಗಾಬರಿಯಾದ ಮೀನಿನಲ್ಲಿ ಪಿಟ್ಯುಟರಿ ಏನು ಮಾಡುತ್ತದೋ ಅದನ್ನೇ ನಮ್ಮಿಬ್ಬರಲ್ಲೂ ಏಕಕಾಲಕ್ಕೆ ಮಾಡಿತು.

“ಮನ್ಯಾಗ ಹೇಳಬ್ಯಾಡ್ರಿ,” ಎಂದರು ಮೆಲ್ಲಗೆ. “ಮನಿತನ ಛಲೋ ಐತಿ, ಮೀನಿನ ಮಾತು ಸುಳ್ಳು ಅಂತ ನಾ ಹೇಳ್ತೀನಿ.”

ಸಂಜೆಯೇ ಒಪ್ಪಿಗೆ ಬಂತು. ವೀಣಾ ನಕ್ಕಳು. ಆ ನಗೆಗಾಗಿ ನಾನು ಇನ್ನೆಷ್ಟು ಸುಳ್ಳನ್ನಾದರೂ ಹೇಳುತ್ತಿದ್ದೆ.

ಮುಂದಿನ ಭಾನುವಾರ ಸಾಲಿನಲ್ಲಿ ಬೀಗರು ಹತ್ತಿರ ಸರಿದರು. “ಇನ್ಮ್ಯಾಲೆ ಎರಡ್ಯಾಕ್ರಿ, ಒಂದೇ ಮೀನ ತಗೊಳ್ಳೋಣು. ತಲಿ ನಿಮಗ, ಉಳಿದದ್ದು ನನಗ.”

ನ್ಯಾಯವಾದ ಮಾತು. ವಿಜ್ಞಾನಕ್ಕೆ ಬೇಕಾದದ್ದು ತಲೆ ಮಾತ್ರ. ನಾನು ಹೂಂ ಅನ್ನಬೇಕಿತ್ತು. ಆದರೆ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಒಲೆ ಹೊತ್ತಿಸಿ, ಮೀನು ಹುರಿಯಲು ಖಾರ, ಸಣ್ಣ ರವೆ ಕಲಸಿಟ್ಟುಕೊಂಡು ಹನುಮಂತ ಕಾಯುತ್ತಿರುತ್ತಾನೆ. ಎರಡು ತಟ್ಟೆ ಇಟ್ಟುಕೊಂಡು.

“ಎರಡೇ ಇರ್ಲಿ ಬಿಡ್ರಿ,” ಎಂದೆ.

ಕೆಂಪು ಹೆಲ್ಮೆಟ್ಟಿನೊಳಗಿಂದ ನಗು ಕೇಳಿಸಿತು.