ನನ್ನ ಹಾಡು ತಿದ್ದಿದ ಮಲ್ಲಮ್ಮ

ನಾನು ಪಾಪ್ ಗಾಯಕನೆಂದು ಹೇಳಿಕೊಳ್ಳುವಾಗ ಕೊನೆಯ ‘ಪ್’ ಅನ್ನು ಎಷ್ಟೇ ಕಡಿದು ಉಚ್ಚರಿಸಿದರೂ ಕೇಳುವವರ ಕಿವಿಗೆ ಅದು “ಪಾಪ, ಗಾಯಕ” ಎಂದೇ ಬೀಳುತ್ತದೆ. ಪುಣೆಯಲ್ಲಿ ಕೂತು ಕನ್ನಡದಲ್ಲಿ ಹಾಡು ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವವನಿಗೆ ಎರಡೂ ಸಲ್ಲುತ್ತವೆ, ಬಿಡಿ. ಹಗಲು ಇಲ್ಲಿನ ಕ್ಯಾಂಪ್ ಪೇಟೆಯ ಅಂಗಡಿಯೊಂದರಲ್ಲಿ ಸೂಟಿನ ಬಟ್ಟೆ ಮಾರುತ್ತೇನೆ; ಕರೆದರೆ ಮದುವೆಗಳಲ್ಲಿ ಹಾಡುತ್ತೇನೆ. ಒಮ್ಮೆ ಬಾರಾಮತಿಯ ಸಮಾರಂಭವೊಂದರಲ್ಲಿ ಧೈರ್ಯಮಾಡಿ ಸ್ವಂತ ಹಾಡು ಶುರುಮಾಡಿದೆ. ಕರೆಂಟು ಹೋಯಿತು. ಮೈಕಿಲ್ಲದೆಯೇ ಹಾಡಿ ಮುಗಿಸುವಷ್ಟರಲ್ಲಿ ಕರೆಂಟು ಬಂತು, ಜೋರಾಗಿ ಚಪ್ಪಾಳೆಯೂ ಬಿತ್ತು. ಅದು ಯಾರಿಗೆಂದು ನಾನು ವಿಚಾರಿಸಲಿಲ್ಲ.

ಕಳೆದ ವರ್ಷ ಆ ಹಾಡನ್ನೇ ಇಂಟರ್ನೆಟ್ಟಿಗೆ ಹಾಕಿದೆ. “ಓಡು ಮನವೇ ಓಡು, ನಿಂತ ನೆಲವ ಸುಡು” ಎಂಬ ಉಗ್ರವಾದ ಪಲ್ಲವಿ. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗದು. ಊಟದ ನಡುವೆ, ಗಿರಾಕಿಯ ಭುಜ ಅಳೆಯುವ ನಡುವೆ, ಎಷ್ಟು ಜನ ಕೇಳಿದರೆಂದು ಫೋನು ತೆಗೆದು ನೋಡುವುದೇ ಕೆಲಸ. ಕೇಳಿದವರಲ್ಲಿ ಅರ್ಧ ನಾನೇ. “ಅದನ್ನ ಕೆಳಗ ಇಡ್ರಿ, ನಿಮ್ಮ ಕೈಯಾಗ ಅದೂ ದಣದದ,” ಎಂದಳು ಹೆಂಡತಿ ಸುನಂದಾ. ಅಭ್ಯಾಸಕ್ಕೆ ಗಿಟಾರು ತೆಗೆದರೆ ನನ್ನನ್ನು ಬಾಲ್ಕನಿಗೆ ದಾಟಿಸಿ ಒಳಗಿನಿಂದ ಬಾಗಿಲು ಹಾಕುತ್ತಿದ್ದಳು.

ಇನ್ನು ಸಾಕು, ಗಿಟಾರು ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡ ಒಂದು ಸಂಜೆ ಅದೇ ಬಾಲ್ಕನಿಯಲ್ಲಿ ನಿಂತಿದ್ದೆ. ಎದುರಿಗೆ ಕಟ್ಟುತ್ತಿದ್ದ ಕಟ್ಟಡದಿಂದ ನನ್ನ ರಾಗ ಕೇಳಿಸಿತು. ಹೆಣ್ಣು ದನಿ, ನಿಧಾನ, ಆದರೆ ನನ್ನದೇ! ಹಾಡು ಊರೆಲ್ಲ ಹಬ್ಬಿತೆಂದು ಹಿಗ್ಗಿ, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಸುನಂದಾಳದು ಮೆಟ್ಟಿ ಇಳಿದು ಓಡಿದೆ.

ಯಾದಗಿರಿ ಕಡೆಯಿಂದ ಗಂಡನ ಜೊತೆ ಕೆಲಸಕ್ಕೆ ಬಂದ ಮಲ್ಲಮ್ಮ, ಎರಡು ಕಂಬದ ನಡುವೆ ಸೀರೆಯ ಜೋಳಿಗೆ ಕಟ್ಟಿ ಕೂಸು ತೂಗುತ್ತಿದ್ದಳು. “ಈ ಹಾಡು ಎಲ್ಲಿ ಕೇಳಿದಿ ತಂಗಿ? ಫೋನಿನ್ಯಾಗೇನು?” ಎಂದೆ.

“ಇಲ್ರಿ. ಆ ಬಾಲ್ಕನ್ಯಾಗ ದಿನಾ ಯಾರೋ ಒದರ್ತಾರಲ್ರಿ.”

ಆ ಯಾರೋ ನಾನೇ ಎನ್ನಬೇಕಾಯಿತು. ಅವಳು ನಾಲಿಗೆ ಕಚ್ಚಿಕೊಂಡಳು. ನಾನು ಸಾವರಿಸಿಕೊಂಡು, ಹಾಡಿನ ಸಾಲು ಬದಲಾಯಿಸಿದ್ದೇಕೆಂದು ಕೇಳಿದೆ. ಅವಳು ಹಾಡುತ್ತಿದ್ದುದು “ಓಡಬ್ಯಾಡ ಕೂಸೆ, ಕೂಡು, ನಿಂತ ನೆಲಾ ತಂಪು ನೋಡು” ಎಂದು.

“ವರ್ಷಕ್ಕ ಎರಡ ಸಲ ಊರು ಬದಲಿ ಮಾಡ್ತೀವ್ರಿ ಅಣ್ಣಾರ. ಇದಕ್ಕ ಇನ್ನೂ ಓಡು ಅಂದ್ರ ಎಲ್ಲಿಗೆ ಓಡ್ಬೇಕ್ರಿ?”

ಎಂದೂ ಬಾಡಿಗೆ ಮನೆ ಕೂಡ ಬದಲಿಸದವನು ನಾನು. ಓಡು ಎಂದು ಬರೆಯುವುದು ಸುಲಭವಾಗಿತ್ತು. ಅವಳ ಸಾಲು ನನ್ನದಕ್ಕಿಂತ ಚೆನ್ನಾಗಿದೆಯೆಂದು ಒಪ್ಪಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. “ಇದನ್ನ ನಾನೂ ಹಾಡ್ಲೇನು?” ಎಂದೆ.

“ಹಾಡ್ರಿ. ಆದ್ರ ಚೀರಬ್ಯಾಡ್ರಿ, ಕೂಸು ಏಳ್ತದ.”

ಸಿಮೆಂಟಿನ ಚೀಲದ ಮೇಲೆ ಕೂತು ಮೆಲ್ಲಗೆ ಹಾಡಿದೆ. ಎರಡನೆಯ ಸಲ ಪಲ್ಲವಿಗೆ ಬರುವಷ್ಟರಲ್ಲಿ ಕೂಸಿಗೆ ನಿದ್ದೆ ಹತ್ತಿತ್ತು. ನಾನು ಹಾಡುವಾಗ ಕೇಳುಗರು ನಿದ್ದೆ ಹೋದದ್ದು ಅದೇ ಮೊದಲೇನಲ್ಲ. ಹೆಮ್ಮೆಯಿಂದ ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಮಾತ್ರ ಅದೇ ಮೊದಲು.